ಒಣಗುಮನೆಯ ಐದುಗಳು

ಸುವಾ
14 ಮಾರ್ಚ್ 1994

ಮಾನ್ಯ ಸೈರುಸಿ ಅವರಿಗೆ,

ವಾತುಸೆರೆಯಿಂದ ಹಿಂದಿರುಗಿ ಇಂದಿಗೆ ಹತ್ತು ದಿನ. ಹಡಗಿನಲ್ಲಿ ಎಲ್ಲರಿಗೂ ವಾಂತಿಯಾಯಿತು, ನನಗೆ ಮಾತ್ರ ಆಗಲಿಲ್ಲ. ನಿಮ್ಮ ಮನೆಯವರು ಲೊಸನಾ ದಾರಿಗೆಂದು ಕಟ್ಟಿಕೊಟ್ಟ ಕಾಯಿಹಾಲಿನ ಕೆಸುವಿನ ಎಲೆಯೇ ಅದಕ್ಕೆ ಕಾರಣ ಎಂದುಕೊಂಡಿದ್ದೇನೆ.

ನಿಮ್ಮ ಕೊಬ್ಬರಿ ಕಾರ್ಖಾನೆಯಲ್ಲಿ ಕಳೆದ ಮೂರು ವಾರಗಳಿಗೆ ಋಣಿ. ಮುಂದಾಳುತನ ಹೇಗಿದ್ದರೆ ಹೊಸ ಯಂತ್ರವನ್ನು ಕೆಲಸಗಾರರು ಮನಸಾರೆ ಒಪ್ಪುತ್ತಾರೆ ಎನ್ನುವುದು ನನ್ನ ಸಂಶೋಧನೆಯ ವಿಷಯ. ನೀವು ನಲವತ್ತೇಳು ಜನರೂ ಪ್ರಶ್ನಾವಳಿಯನ್ನು ಪೂರ್ತಿ ತುಂಬಿದ್ದೀರಿ. ಮೂವತ್ತು ಪ್ರಶ್ನೆಗಳು, ಪ್ರತಿಯೊಂದಕ್ಕೂ ಒಂದರಿಂದ ಐದರೊಳಗೆ ಅಂಕ. ಎಲ್ಲರೂ ಎಲ್ಲಕ್ಕೂ ಐದು ಹಾಕಿದ್ದೀರಿ. 'ತಪ್ಪು ಕಂಡರೆ ಮೇಲಿನವರಿಗೆ ನೇರವಾಗಿ ಹೇಳಬಲ್ಲೆ' ಎಂಬ ಹದಿನೇಳನೆಯ ಪ್ರಶ್ನೆಗೂ ಐದೇ. ಬೇರೆ ಕಡೆಗಳಲ್ಲಿ ಇದಕ್ಕೆ ಎರಡು ದಾಟುವುದೇ ಅಪರೂಪ. ನನ್ನ ಮಾರ್ಗದರ್ಶಿ ಪ್ರೊಫೆಸರ್ ಬಿಸೇಸರ್, ಇವನ್ನೆಲ್ಲ ಹಡಗಿನಲ್ಲಿ ಕೂತು ನೀನೇ ತುಂಬಿದೆಯಾ ಎಂದು ಕೇಳಿದರು.

ಒಂದು ಉಪಕಾರವಾಗಬೇಕು. ಹೊಸ ಒಣಗಿಸುವ ಯಂತ್ರದ ದಿನವಹಿ ಪಟ್ಟಿಯ ಪ್ರತಿಯನ್ನು, ಅಂದರೆ ಗಂಟೆ, ತೂಕ ಮತ್ತು ಡೀಸೆಲ್ ಲೆಕ್ಕವನ್ನು, ತಿಂಗಳಿಗೊಮ್ಮೆ ಕಳಿಸಬಹುದೇ? ಕಾರ್ಖಾನೆಯ ಒಂದೇ ದೂರವಾಣಿ ಮ್ಯಾನೇಜರೂ ನಿಮ್ಮೂರಿನ ಒಡೆಯರೂ ಆದ ರಾತು ಜೋಲಮೆಯವರ ಕೋಣೆಯಲ್ಲಿದೆ, ಅಲ್ಲಿ ನಿಂತು ಮಾತಾಡಲು ನಿಮಗೆ ಸಂಕೋಚ ಎಂದಿದ್ದಿರಿ. ಆದ್ದರಿಂದ ಅಂಚೆಯೇ ಸರಿ.

ವಿಶ್ವಾಸದಿಂದ,
ಕೆಲೇರಾ


ವಾತುಸೆರೆ
2 ಏಪ್ರಿಲ್ 1994

ಗೌರವಾನ್ವಿತ ಕುಮಾರಿ ಕೆಲೇರಾ ಅವರಿಗೆ,

ನಿಮ್ಮ ಪತ್ರ ತಲುಪಿತು. ವಿಶ್ವವಿದ್ಯಾಲಯದಲ್ಲಿ ಓದುವವರು ನಮ್ಮಂಥವರನ್ನು ನೆನಪಿಟ್ಟು ಬರೆದದ್ದು ದೊಡ್ಡದು. ಲೊಸನಾ ಅದನ್ನು ಎರಡು ಸಲ ಓದಿಸಿಕೊಂಡಳು, ಕೆಸುವಿನ ಎಲೆಯ ಸಾಲನ್ನು ಮೂರು ಸಲ.

ಮಾರ್ಚ್ ತಿಂಗಳ ಪಟ್ಟಿ ಇದರ ಜೊತೆಗಿದೆ. ಪ್ರತಿ ಸರದಿಗೂ ಇಪ್ಪತ್ತು ಗಂಟೆ. ಕೊಬ್ಬರಿ ಚೆನ್ನಾಗಿ ಒಣಗಿದೆ, ಒಂದು ಮೂಟೆಯೂ ಬೂಷ್ಟು ಹಿಡಿದಿಲ್ಲ. ರಾತು ಜೋಲಮೆಯವರು ಆರೋಗ್ಯವಾಗಿದ್ದಾರೆ. ಯಂತ್ರ ಚೆನ್ನಾಗಿದೆ. ಎಲ್ಲರೂ ಸಂತೋಷವಾಗಿದ್ದೇವೆ.

ನಿಮ್ಮ ಸೇವೆಯಲ್ಲಿ,
ಸೈರುಸಿ
ಮೇಸ್ತ್ರಿ, ಒಣಗುಮನೆ


ಸುವಾ
20 ಜೂನ್ 1994

ಮಾನ್ಯ ಸೈರುಸಿ ಅವರಿಗೆ,

ಮೂರು ತಿಂಗಳ ಪಟ್ಟಿಗಳೂ ಬಂದಿವೆ. ನಿಮ್ಮ ಅಂಕಿಗಳು ಅಚ್ಚು ಹಾಕಿದಂತಿವೆ. ಅವುಗಳಿಂದ ಒಂದು ಸಂಗತಿ ಹೊರಬಿದ್ದಿದೆ, ಹೇಳದೆ ಇರಲಾರೆ. ನಿಮ್ಮ ಯಂತ್ರ ಸುಡುತ್ತಿರುವ ಡೀಸೆಲ್, ಅದನ್ನು ತಯಾರಿಸಿದ ಕಂಪನಿಯೇ ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ಹೊಸ ಯಂತ್ರವನ್ನು ಮನಸಾರೆ ಒಪ್ಪಿದ ಕೆಲಸಗಾರರು ಅದರಿಂದ ನಿರೀಕ್ಷೆಗಿಂತ ಹೆಚ್ಚು ಫಲ ತೆಗೆಯುತ್ತಾರೆ ಎಂಬ ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗಲಾರದು. ನಿಮ್ಮ ಕಂಪನಿಯ ಆಡಳಿತ ಮಂಡಳಿಗೆ ಮಧ್ಯಂತರ ವರದಿ ಕೊಟ್ಟೆ. ಅವರಿಗೆ ಬಹಳ ಸಂತೋಷವಾಗಿದೆ.

ಒಂದೇ ಸಣ್ಣ ಅನುಮಾನ. ಮೇ ತಿಂಗಳಲ್ಲಿ ಆರು ದಿನ ಪಟ್ಟಿ ಖಾಲಿ. ಹವಾಮಾನ ಕಚೇರಿಯ ಪ್ರಕಾರ ಆ ವಾರ ನಿಮ್ಮಲ್ಲಿ ಬಿಡದೆ ಮಳೆ. ಯಂತ್ರ ಚಾವಣಿಯ ಕೆಳಗೇ ಇದೆಯಲ್ಲ, ಅದಕ್ಕೂ ಮಳೆಗೂ ಏನು ಸಂಬಂಧ? ದುರಸ್ತಿ ಇತ್ತೇ?

ಕೃತಜ್ಞತೆಗಳೊಂದಿಗೆ,
ಕೆಲೇರಾ


ವಾತುಸೆರೆ
9 ಜುಲೈ 1994

ಗೌರವಾನ್ವಿತ ಕುಮಾರಿ ಕೆಲೇರಾ ಅವರಿಗೆ,

ಆ ಆರು ದಿನ ಯಂತ್ರ ವಿಶ್ರಾಂತಿ ತೆಗೆದುಕೊಂಡಿತು.

ನಿಮ್ಮ ವರದಿಯನ್ನು ರಾತು ಜೋಲಮೆಯವರು ಎಲ್ಲರನ್ನೂ ಕೂರಿಸಿ ಓದಿದರು. ಡೀಸೆಲ್ ವಿಷಯ ಬಂದಾಗ ಸ್ವಲ್ಪ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು ಮುಂದಕ್ಕೆ ಓದಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ನೀವು ಮತ್ತೆ ಯಾವಾಗ ಬರುತ್ತೀರಿ ಎಂದು ಲೊಸನಾ ಕೇಳುತ್ತಾಳೆ. ನಿಮ್ಮ ತಂದೆಯವರ ಊರು ಯಾವುದು ಎಂದೂ ಕೇಳುತ್ತಾಳೆ. ನೀವು ಬಂದಾಗ ನಿಮ್ಮ ಪರವಾಗಿ, ಹೊರಗಿನಿಂದ ಬಂದವರು ತಮ್ಮ ಊರು ಹೇಳಿ ಒಪ್ಪಿಸುವ ಯಾಂಗೋನ ಬೇರನ್ನು ರಾತು ಅವರ ಮುಂದಿಟ್ಟವನು ಕಚೇರಿಯ ಗುಮಾಸ್ತ. 'ಸುವಾದ ವಿಶ್ವವಿದ್ಯಾಲಯದಿಂದ' ಎಂದಷ್ಟೇ ಹೇಳಿದ. ಅದು ಊರಲ್ಲವಲ್ಲ.

ನಿಮ್ಮ ಸೇವೆಯಲ್ಲಿ,
ಸೈರುಸಿ


ಸುವಾ
15 ಆಗಸ್ಟ್ 1994

ಮಾನ್ಯ ಸೈರುಸಿ ಅವರಿಗೆ,

ಸಂತೋಷದ ಸುದ್ದಿ. ನನ್ನ ವರದಿಯ ಆಧಾರದ ಮೇಲೆ ಆಡಳಿತ ಮಂಡಳಿ ಇನ್ನೂ ನಾಲ್ಕು ದ್ವೀಪಗಳಿಗೆ ಇದೇ ಯಂತ್ರವನ್ನು ತರಿಸಲು ತೀರ್ಮಾನಿಸಿದೆ. ವಾತುಸೆರೆಯಲ್ಲಿ ಈಗ ಕೆಲಸವಿಲ್ಲದೆ ನಿಂತಿರುವ ಕಂಬಗಳ ಮೇಲೆ ಕೊಬ್ಬರಿ ಹರವುವ ಹಳೆಯ ಬಿಸಿಲು ಅಟ್ಟಗಳನ್ನು ನವೆಂಬರ್ 21ರಂದು ಕಿತ್ತು, ಆ ಜಾಗದಲ್ಲಿ ಎರಡನೆಯ ಯಂತ್ರ ಕೂರಿಸುತ್ತಾರಂತೆ. ಇದರ ಶ್ರೇಯಸ್ಸು ನಿಮ್ಮ ನಲವತ್ತೇಳು ಜನರಿಗೆ ಸೇರಬೇಕು ಎಂದು ಬರೆದಿದ್ದೇನೆ.

ಲೊಸನಾ ಅವರಿಗೆ ಅಪ್ಪ ಒಂದು ಚಾಪೆ ಕಳಿಸುತ್ತಿದ್ದಾರೆ, ಇದೇ ಹಡಗಿನಲ್ಲಿ ಬರುತ್ತದೆ. ಅಪ್ಪ ಮೈಕಾ, ಸುವಾದಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ಈಗ ಮನೆಯಲ್ಲಿದ್ದಾರೆ. ಊರು ನಬುಕೆರು ದ್ವೀಪ. ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಅಲ್ಲಿಗೆ ಹೋದದ್ದು ಎರಡೇ ಸಲ. ಹಾಗಾಗಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ವಿಶ್ವಾಸದಿಂದ,
ಕೆಲೇರಾ


ವಾತುಸೆರೆ
3 ಸೆಪ್ಟೆಂಬರ್ 1994

ನಬುಕೆರುವಿನ ಕಳ್ಳಿಗೆ,

ಚಾಪೆ ಬಂತು. ನಿಮ್ಮೂರಿನವರು ನೇಯ್ದ ಚಾಪೆ ಎಂದು ನೋಡಿದ ತಕ್ಷಣ ಗೊತ್ತಾಯಿತು, ಒಂದು ಮೂಲೆ ಸೊಟ್ಟ. ನಾಯಿಗೆ ಹಾಸಿದೆ. ನಾಯಿ ಎದ್ದು ಹೋಯಿತು.

ಐದು ತಿಂಗಳು ನನ್ನಿಂದ 'ಗೌರವಾನ್ವಿತ ಕುಮಾರಿ' ಎಂದು ಬರೆಸಿಕೊಂಡೆಯಲ್ಲ, ನಾಚಿಕೆ ಆಗಲಿಲ್ಲವೇ? ಮೂರು ವಾರ ನನ್ನ ಮನೆಯಲ್ಲಿ ಉಂಡೆ, ಮಲಗಿದೆ. ಊರಿನ ಹೆಸರು ಬಾಯಿಂದ ಬೀಳಲಿಲ್ಲ. ಬಿದ್ದಿದ್ದರೆ ಆವತ್ತೇ ಹೇಳುತ್ತಿದ್ದೆ. ಈಗ ಕೇಳು.

ಇಷ್ಟು ಓದಿದವಳಿಗೆ ಮೂಗಿಲ್ಲವೇ? ನಿನ್ನ ವರದಿಯ ಯಂತ್ರ ಹಲ್ಲಿಲ್ಲದ ಮುದುಕಿ. ಹಸಿ ಕಾಯಿ ಹಾಕಿದರೆ ಮೇಲೆ ಕಲ್ಲಿನಂತೆ ಒಣಗುತ್ತದೆ, ಒಳಗೆ ಹಸಿಯಾಗಿಯೇ ಉಳಿದು ಹತ್ತು ದಿನದಲ್ಲಿ ಬೂಷ್ಟು. ಬಂದ ಎರಡನೆಯ ವಾರವೇ ಕಂಡೆವು. ಅವತ್ತಿನಿಂದ ನೀನು 'ಕೆಲಸವಿಲ್ಲದೆ ನಿಂತಿರುವ' ಎಂದು ಬರೆದ ಆ ಅಟ್ಟಗಳ ಮೇಲೆ ಎರಡು ದಿನ ಬಿಸಿಲಿಗೆ ಹಾಕಿ, ಆಮೇಲೆ ಮುದುಕಿಯ ಬಾಯಿಗೆ ಕೊಡುತ್ತೇವೆ. ಒಂಬತ್ತು ಗಂಟೆ ಸಾಕು. ಪಟ್ಟಿಯಲ್ಲಿ ಇಪ್ಪತ್ತು ಎಂದು ಬರೆಯುತ್ತೇವೆ, ಯಾಕೆಂದರೆ ರಾತು ಜೋಲಮೆಯವರು ಮಂಡಳಿಯ ಮುಂದೆ ನಿಂತು ಇಪ್ಪತ್ತು ಎಂದು ಮಾತು ಕೊಟ್ಟು ಅದನ್ನು ತಂದವರು. ಮಳೆ ಬಂದರೆ ಬಿಸಿಲಿಲ್ಲ, ಬಿಸಿಲಿಲ್ಲದೆ ಮುದುಕಿಗೆ ಊಟವಿಲ್ಲ. ಇದು ನಿನ್ನ ಆರು ದಿನ. ನಿನ್ನ ಡೀಸೆಲ್ ಕೂಡ ಇದೇ, ಬರೆದದ್ದು ಇಪ್ಪತ್ತು ಗಂಟೆ, ಸುಟ್ಟದ್ದು ಒಂಬತ್ತರದ್ದು.

ನಲವತ್ತೇಳು ಐದುಗಳನ್ನು ನಿನ್ನಪ್ಪನ ಮೀನುಬಲೆಗೆ ಗುಂಡಾಗಿ ಕಟ್ಟು, ಚೆನ್ನಾಗಿ ಮುಳುಗುತ್ತದೆ. ಒಡೆಯನ ಬಗ್ಗೆ ಹೊರಗಿನವಳು ಕಾಗದ ಕೊಟ್ಟು ಕೇಳಿದರೆ ಯಾವನಾದರೂ ನಾಲ್ಕು ಹಾಕುತ್ತಾನೆಯೇ?

ಅಟ್ಟ ಕಿತ್ತರೆ ಮುಗಿಯಿತು.

ಸೈರುಸಿ


ಸುವಾ
24 ಸೆಪ್ಟೆಂಬರ್ 1994

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ನನ್ನಿಂದ ತೊಂದರೆಯಾಗಿದ್ದರೆ ಕ್ಷಮಿಸಿ. ನಮ್ಮ ತಂದೆಯವರ ಬಗ್ಗೆ ನೀವು ಬರೆದದ್ದಕ್ಕೆ ನಾನು ಉತ್ತರ ಕೊಡುವುದಿಲ್ಲ. ಇನ್ನು ಮುಂದೆ ಪಟ್ಟಿಗಳನ್ನು ಕಳಿಸುವ ಅಗತ್ಯವಿಲ್ಲ.

ಕೆಲೇರಾ


ಸುವಾ
17 ಅಕ್ಟೋಬರ್ 1994

ಮೋಮೋ ಸೈರುಸಿ,

ಸೋದರಮಾವನನ್ನು ಕರೆಯುವಂತೆ ಕರೆದಿದ್ದೇನೆ. ಇನ್ನೂ ಏನೇನು ಕರೆಯಬಹುದು ಎಂದು ಅಪ್ಪ ಪಟ್ಟಿಯನ್ನೇ ಕೊಟ್ಟಿದ್ದಾರೆ, ಆದರೆ ನನಗೆ ಕೈ ಬರುವುದಿಲ್ಲ. ಅಭ್ಯಾಸವಾಗಬೇಕು.

ನಿಮ್ಮ ಪತ್ರವನ್ನು ಮೂರು ವಾರ ಪುಸ್ತಕದ ನಡುವೆ ಮುಚ್ಚಿಟ್ಟಿದ್ದೆ. ಮೊನ್ನೆ ಅದು ಅಪ್ಪನ ಕೈಗೆ ಸಿಕ್ಕಿತು. ಓದುತ್ತಾ ಹೋದವರು ನಾಯಿಯ ಸಾಲು ಬಂದಾಗ ಕುರ್ಚಿಯಿಂದ ಜಾರಿದರು. ಕಣ್ಣೊರೆಸಿಕೊಂಡು, "ಅಯ್ಯೋ ಪೆದ್ದಿ, ಇದಕ್ಕೆ ಅಳ್ತಾ ಕೂತಿದ್ಯಾ? ವಾತುಸೆರೆಯವರು ನಮಗೆ ತೌವು ಕಣೇ. ನಮ್ಮಿಬ್ಬರ ಮೂಲದೈವ ಒಂದೇ. ಅವರು ನಮ್ಮನ್ನ ಬೈಬೇಕು, ನಾವು ಅವರನ್ನ ಬೈಬೇಕು. ಯಾರೂ ಸಿಟ್ಟಾಗೋ ಹಾಗಿಲ್ಲ, ಕೇಳಿದ್ದನ್ನ ಇಲ್ಲ ಅನ್ನೋ ಹಾಗಿಲ್ಲ. ಮರ್ಯಾದೆಯಿಂದ ಬರೆದಿದ್ರೆ ಅದು ಅವಮಾನ," ಎಂದರು. ಆಮೇಲೆ ಪತ್ರವನ್ನು ಮಡಿಚಿ ನನ್ನ ಕೈಗಿಟ್ಟು, "ಇದನ್ನ ನಿಂಗೆ ಹೇಳಿಕೊಡದೆ ಇದ್ದಿದ್ದು ನನ್ನ ತಪ್ಪು," ಎಂದರು.

ಅವರು ಒಳಗೆ ಹೋದ ಮೇಲೆ ಪತ್ರವನ್ನು ಮತ್ತೆ ಓದಿದೆ. ಮೊದಲ ಸಲ ಬೈಗುಳವಷ್ಟೇ ಕಂಡಿತ್ತು. ಈ ಸಲ ಅಂಕಿಗಳು ಕಂಡವು.

ಕಂಪನಿಯೊಳಗೆ ಹೋಗುವ ಸಂಶೋಧಕಿ ತನ್ನನ್ನು ಆದಷ್ಟು ಮರೆಯಲ್ಲಿಡಬೇಕು, ಆಗ ಉತ್ತರಗಳು ಶುದ್ಧವಾಗಿ ಬರುತ್ತವೆ ಎಂದು ಕಲಿತಿದ್ದೆ. ಯಾಂಗೋನ ಅರ್ಪಿಸುವುದನ್ನು ಗುಮಾಸ್ತನಿಗೆ ಬಿಟ್ಟದ್ದೂ ಅದಕ್ಕೇ. ಊರಿಲ್ಲದವಳಾಗಿ ಬಂದೆ. ಊರಿಲ್ಲದವಳಿಗೆ ಹೇಳಬೇಕಾದ್ದನ್ನೇ ನೀವೆಲ್ಲ ಹೇಳಿದಿರಿ. ತಪ್ಪು ನಿಮ್ಮ ಐದುಗಳದ್ದಲ್ಲ.

ಅಟ್ಟಗಳು ಉಳಿಯಬೇಕಾದರೆ ಮಂಡಳಿಗೆ ನನ್ನ ವರದಿ ತಪ್ಪೆಂದು ಹೇಳಬೇಕು. ಅದನ್ನು ಮಾಡುತ್ತೇನೆ. ನವೆಂಬರ್ 14ರಂದು ಸಭೆ ಇದೆ. ಅಲ್ಲಿ ನನ್ನ ಪ್ರಬಂಧ ಹೋದರೂ ಹೋಗಬಹುದು, ಅದು ನನ್ನ ಪಾಡು. ಆದರೆ ರಾತು ಜೋಲಮೆಯವರಿಗೆ ಈ ವಿಷಯ ಸುವಾದ ಸಭೆಯಿಂದ ತಿಳಿಯಬಾರದು. ನಾನು ಬರೆಯಲಾರೆ, ನೀವು ಹೇಳಲಾರಿರಿ. ತೌವು ಆದವರು ಏನನ್ನೂ ಹೇಳಬಹುದು ಎಂದು ಮುಂದಿನ ಹಡಗಿಗೆ ಅಪ್ಪ ಬರುತ್ತಿದ್ದಾರೆ. ಒಳ್ಳೆಯ ಬೇರನ್ನೇ ಕೊಂಡಿದ್ದಾರೆ. ನನ್ನ ಊರಿನ ಹೆಸರನ್ನೂ ಅವರೇ ತರುತ್ತಾರೆ.

ಕೆಲೇರಾ


ವಾತುಸೆರೆ
5 ನವೆಂಬರ್ 1994

ಕಳ್ಳಿ,

ನಿನ್ನಪ್ಪ ನಾಳೆ ಹಡಗು ಹತ್ತುತ್ತಾನೆ. ನನ್ನ ಹುಂಜವನ್ನು ಹಿಡಿದು ಕಟ್ಟಿಟ್ಟುಕೊಂಡಿದ್ದಾನೆ, ಇಲ್ಲ ಎನ್ನುವ ಹಾಗಿಲ್ಲ. ಈ ಪತ್ರವನ್ನೂ ಅವನೇ ತರುತ್ತಾನೆ. ಅವನು ಹೇಳುವುದರಲ್ಲಿ ಅರ್ಧ ಸುಳ್ಳಿರುತ್ತದೆ, ಆದ್ದರಿಂದ ನಡೆದದ್ದನ್ನು ನಾನು ಬರೆಯುತ್ತೇನೆ.

ಗುರುವಾರ ಮಧ್ಯಾಹ್ನ ಕೆಲಸ ನಿಲ್ಲಿಸಿ ಎಲ್ಲರೂ ಒಣಗುಮನೆಯ ಮುಂದೆ ಚಾಪೆ ಹಾಸಿ ಕೂತೆವು. ನಿನ್ನಪ್ಪ ಬೇರನ್ನು ರಾತು ಅವರ ಮುಂದಿಟ್ಟ. ನಬುಕೆರುವಿನ ಹೆಸರು, ತನ್ನ ಮನೆತನದ ಹೆಸರು, ಆಮೇಲೆ ನಿನ್ನ ಹೆಸರು ಹೇಳಿದ. ಫೆಬ್ರವರಿಯಲ್ಲಿ ನನ್ನ ಮಗಳು ಹೆಸರಿಲ್ಲದ ಬೇರು ತಂದಳು, ಅದನ್ನೂ ಇದರೊಳಗೆ ಸೇರಿಸಿಕೊಳ್ಳಿ ಎಂದ. ಅಷ್ಟು ಹೊತ್ತು ಮನುಷ್ಯನ ಹಾಗೇ ಇದ್ದ. ಬೇರು ಕುಟ್ಟಿ ಕಲಸಿದ ಪಾನೀಯದ ತೆಂಗಿನ ಚಿಪ್ಪು ಒಂದು ಸುತ್ತು ಬಂದದ್ದೇ ತಡ, ಗೂಟದಲ್ಲಿದ್ದ ರಾತು ಅವರ ಟೋಪಿ ತೆಗೆದು ತಾನು ಹಾಕಿಕೊಂಡ. ಜನ ನಗಲು ಶುರುಮಾಡಿದರು.

ಆಗ ಹೇಳಿದ. "ಏನ್ರಪ್ಪಾ ವಾತುಸೆರೆಯವರೇ, ನಿಮ್ಮ ಯಂತ್ರ ನೋಡ್ದೆ. ಮೈತುಂಬ ಬಣ್ಣ, ಹೊಟ್ಟೆ ನೋಡಿದ್ರೆ ಬಸ್ಸಿನಷ್ಟು. ಆದ್ರೆ ಬಾಯಲ್ಲಿ ಒಂದು ಹಲ್ಲಿಲ್ವಲ್ಲ! ನೀವೆಲ್ಲ ಎರಡು ದಿನ ಅಗಿದು ಅಗಿದು ಬಾಯಿಗಿಡ್ತೀರಿ, ಅದು ನುಂಗಿ ತೇಗುತ್ತೆ. ತೇಗಿದ್ದನ್ನ ನನ್ನ ಮಗಳು ಸುವಾದಲ್ಲಿ ವರದಿ ಅಂತ ಓದ್ತಾಳೆ."

ಯಾರೂ ನಗಲಿಲ್ಲ. ನಾನು ಚಾಪೆಯ ಹೆಣಿಗೆ ಎಣಿಸುತ್ತಿದ್ದೆ. ರಾತು ಅವರು ಚಿಪ್ಪು ಖಾಲಿ ಮಾಡಿ ಕೆಳಗಿಟ್ಟರು.

"ಅಗಿಯೋದು ನಂಗೆ ಗೊತ್ತು, ಮೈಕಾ," ಎಂದರು. "ಯಂತ್ರದಲ್ಲಿ ಒಣಗಿದ ಕೊಬ್ಬರಿಗೆ ಬಿಸಿಲಿನ ವಾಸನೆ ಎಲ್ಲಿಂದ ಬರುತ್ತೆ? ಮೊದಲನೇ ತಿಂಗಳೇ ತಿಳೀತು."

"ಮತ್ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ, ದೊಡ್ಡ ಮನುಷ್ಯ?"

"ಇಷ್ಟು ಜನ ನನ್ನ ಮಾನ ಉಳಿಸೋಕೆ ಅಂತ ಎರಡು ಪಟ್ಟು ದುಡೀತಿದ್ರು. ನಂಗೆ ಗೊತ್ತು ಅಂದ್ಬಿಟ್ರೆ ಅವರ ಉಪಕಾರ ಮಣ್ಣುಪಾಲು. ಈ ಯಂತ್ರ ಇನ್ನೂ ನಾಲ್ಕು ದ್ವೀಪಕ್ಕೆ ಹೋಗುತ್ತೆ ಅಂದ ದಿನದಿಂದ ಹೇಳೋಣ ಅಂತ ಬರ್ತಿದ್ದೆ, ಇವರ ಮುಖ ನೋಡಿ ಹೋಗ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿದರು. "ಸೈರುಸಿ, ನಿಜವಾಗ್ಲೂ ಎಷ್ಟು ಗಂಟೆ?"

"ಒಂಬತ್ತು, ರಾತು."

"ಒಂಬತ್ತಾ? ನಾನು ಹನ್ನೆರಡು ಅಂದ್ಕೊಂಡಿದ್ದೆ."

ಮೊದಲು ನಕ್ಕವಳು ಲೊಸನಾ. ಆಮೇಲೆ ಯಾರು ಯಾರನ್ನು ಹಿಡಿದುಕೊಂಡು ನಗುತ್ತಿದ್ದಾರೆ ಎಂದು ತಿಳಿಯದಂತಾಯಿತು. ನಾನು ನಕ್ಕೆನೋ ಅತ್ತೆನೋ ನಿನ್ನಪ್ಪ ಹೇಳಬಹುದು, ನಂಬಬೇಡ.

ಮರುದಿನ ರಾತು ಅವರೇ ಸುವಾದ ಮಂಡಳಿಯ ಅಧ್ಯಕ್ಷರಿಗೆ ದೂರವಾಣಿ ಮಾಡಿದರು. ನಾನು ಪಕ್ಕದಲ್ಲಿ ನಿಂತಿದ್ದೆ, ಅವರೇ ನಿಲ್ಲು ಎಂದದ್ದು. ಮಂಡಳಿಗೆ ಪತ್ರವನ್ನೂ ಬರೆದಿದ್ದಾರೆ, ಅದು ನಿನ್ನಪ್ಪನ ಚೀಲದಲ್ಲಿದೆ.

ಇನ್ನೊಂದು. ಸುಳ್ಳು ಪಟ್ಟಿ ಬರೆದ ಪ್ರತಿ ದಿನವೂ ನಾನು ನಿಜವಾದ ಗಂಟೆಯನ್ನು ಮೂರನೆಯ ಅಟ್ಟದ ಕಂಬದ ಮೇಲೆ ಚಾಕುವಿನಿಂದ ಗೀರಿಟ್ಟಿದ್ದೆ. ಯಾಕೆ ಎಂದು ಕೇಳಬೇಡ. ಎರಡು ಕೆಲಸಕ್ಕೆ ಎರಡು ಲೆಕ್ಕ ಬೇಕೆನಿಸಿತು. ಅಟ್ಟ ಕಿತ್ತಿದ್ದರೆ ಕಂಬ ಒಲೆಗೆ ಹೋಗುತ್ತಿತ್ತು. ಎಲ್ಲವನ್ನೂ ಕಾಗದಕ್ಕೆ ಇಳಿಸಿ ಕಳಿಸಿದ್ದೇನೆ. ಇದಕ್ಕೆ ನಿನ್ನ ಪ್ರಬಂಧ ಕಟ್ಟು.

ಸೈರುಸಿ


ಸುವಾ
6 ಫೆಬ್ರವರಿ 1995

ಸೊಟ್ಟ ಚಾಪೆಯ ಮೇಲೆ ಮಲಗಲು ಯೋಗ್ಯತೆಯಿಲ್ಲದ ಮೋಮೋ,

ಇದನ್ನು ಬರೆಯಲು ಅರ್ಧ ದಿನ ಹಿಡಿಯಿತು. ಅಪ್ಪ ಪರವಾಗಿಲ್ಲ ಎಂದರು, ಖಾರ ಸಾಲದು ಎಂದೂ ಹೇಳಿದರು.

ಅಟ್ಟಗಳು ಉಳಿದವೆಂದು ತಂತಿ ಕಳಿಸಿದ್ದೆ. ನಡೆದದ್ದನ್ನು ಬರೆಯಲು ಇಷ್ಟು ದಿನ ಆದದ್ದು ನನ್ನ ವಿಷಯ ತೀರ್ಮಾನವಾಗದೆ ಇದ್ದುದರಿಂದ.

ನವೆಂಬರ್ 14ರಂದು ಎದ್ದು ನಿಂತು, ನನ್ನ ವರದಿಯ ಮುಖ್ಯ ತೀರ್ಮಾನ ತಪ್ಪು ಎಂದೆ. ಹಾಗಿದ್ದರೆ ನಿಮ್ಮನ್ನು ಮುಂದೆ ನಂಬುವುದು ಹೇಗೆ ಎಂದು ಒಬ್ಬರು ಕೇಳಿದರು. ಆಗ ಅಧ್ಯಕ್ಷರು ರಾತು ಜೋಲಮೆಯವರ ಪತ್ರ ತೆಗೆದು ಓದಿದರು. ಇಪ್ಪತ್ತು ಗಂಟೆ ಎಂದು ಹಟ ಹಿಡಿದದ್ದು ತಾನು. ತಿಳಿದ ಮೇಲೂ ಸುಮ್ಮನಿದ್ದದ್ದು ತಾನು. ಹುಡುಗಿ ಬರೆದದ್ದು ತಾವು ಕೊಟ್ಟ ಅಂಕಿಗಳನ್ನು. ಕೊನೆಯಲ್ಲಿ ಒಂದು ಸಾಲು: 'ಎರಡು ದಿನ ಬಿಸಿಲು, ಒಂಬತ್ತು ಗಂಟೆ ಯಂತ್ರ. ಈ ವಿಧಾನವನ್ನು ಕಂಡುಹಿಡಿದವರು ನಮ್ಮ ಒಣಗುಮನೆಯವರು, ನನ್ನನ್ನು ಕಾಪಾಡಲು ಹೋಗಿ.'

ಡೀಸೆಲ್ ಅರ್ಧಕ್ಕಿಂತ ಕಡಿಮೆ ಎಂಬುದು ಸುಳ್ಳಾಗಿರಲಿಲ್ಲ ನೋಡಿ. ಕಾರಣ ಮಾತ್ರ ಬೇರೆ. ನಾಲ್ಕು ಯಂತ್ರಗಳ ಬದಲು ಈಗ ಒಂದು ಬರುತ್ತದೆ, ಅದೂ ಬಿಸಿಲು ಅಟ್ಟಗಳಿರುವ ದ್ವೀಪಕ್ಕೆ.

ವಿಶ್ವವಿದ್ಯಾಲಯ ಆರು ತಿಂಗಳ ಅವಧಿ ಹೆಚ್ಚಿಸಿದೆ. ಎರಡು ಅಧ್ಯಾಯಗಳನ್ನು ಹರಿದು ಹೊಸದಾಗಿ ಬರೆಯುತ್ತಿದ್ದೇನೆ. ಪ್ರೊಫೆಸರ್ ಬಿಸೇಸರ್ ನಿಮ್ಮ ಕಂಬದ ಲೆಕ್ಕವನ್ನು ಬಹಳ ಹೊತ್ತು ನೋಡಿ, ಇಂಥ ದಾಖಲೆ ತಮ್ಮ ಸಂಶೋಧನೆಗಳಲ್ಲಿ ಒಂದಕ್ಕೂ ಸಿಕ್ಕಿರಲಿಲ್ಲ ಎಂದರು. ನನ್ನನ್ನು ಬೈದದ್ದಕ್ಕೆ ನಿಮಗೆ ವಿನಾಕ ಎಂದು ಧನ್ಯವಾದ ಹೇಳಿದರೆ ಸಾಲದು. ಬೇರೆ ಪದ ಗೊತ್ತಿಲ್ಲ.

ಕೆಲೇರಾ


ಸುವಾ
11 ಆಗಸ್ಟ್ 1995

ಮೋಮೋ,

ಪ್ರಬಂಧ ಒಪ್ಪಿಗೆಯಾಯಿತು. ಒಂದು ಪ್ರತಿ ಕಳಿಸಿದ್ದೇನೆ. ಸಂಶೋಧನೆಯ ನಿಯಮದಂತೆ ಯಾರ ಹೆಸರನ್ನೂ ಹಾಕುವಂತಿಲ್ಲ. ದ್ವೀಪ, ಮ್ಯಾನೇಜರ್, ಮೇಸ್ತ್ರಿ ಎಂದಷ್ಟೇ ಇದೆ. ಒಂದು ಹೆಸರು ಮಾತ್ರ ಉಳಿಸಿಕೊಂಡೆ. ಮೊದಲ ಪುಟದ ಮೊದಲ ವಾಕ್ಯ: 'ನಾನು ಕೆಲೇರಾ, ನಬುಕೆರುವಿನ ಮೈಕಾನ ಮಗಳು.' ಪರೀಕ್ಷಕರೊಬ್ಬರು ಇದು ಅನಗತ್ಯ, ತೆಗೆಯಿರಿ ಎಂದರು. ಮೂರನೆಯ ಅಧ್ಯಾಯ ಓದಿ ಆಮೇಲೆ ಹೇಳಿ ಎಂದೆ. ಓದಿದರು. ಮತ್ತೆ ಕೇಳಲಿಲ್ಲ.

ಕೆಲೇರಾ


ವಾತುಸೆರೆ
1 ಸೆಪ್ಟೆಂಬರ್ 1995

ಡಾಕ್ಟರ್ ಕಳ್ಳಿಗೆ,

ಪುಸ್ತಕ ಬಂತು. ಹಿಂದಿರುಗಿಸುವುದಿಲ್ಲ. ತೂಕವಾಗಿದೆ, ಗಾಳಿ ಬೀಸಿದಾಗ ಪಟ್ಟಿಗಳ ಮೇಲಿಡಲು ಅನುಕೂಲ. ಮೊದಲ ವಾಕ್ಯವನ್ನು ಲೊಸನಾ ಐದು ಸಲ ಓದಿಸಿಕೊಂಡಳು. ಕೆಸುವಿನ ಎಲೆಯ ದಾಖಲೆ ಮುರಿಯಿತು.

ಪುಸ್ತಕದ ಕೊನೆಯಲ್ಲಿ ನಿನ್ನ ಪ್ರಶ್ನಾವಳಿ ಅಚ್ಚಾಗಿದೆ. ಆ ಹಾಳೆಗಳನ್ನು ಕತ್ತರಿಸಿ ತೆಗೆದೆ. ತೌವು, ಇಲ್ಲ ಎನ್ನುವ ಹಾಗಿಲ್ಲ. ಕೂತು ಮತ್ತೆ ತುಂಬಿದ್ದೇನೆ, ಇದರ ಜೊತೆಗಿದೆ. ಒಂದಕ್ಕೆ ನಾಲ್ಕು ಕೊಟ್ಟಿದ್ದೇನೆ, ಇನ್ನೊಂದಕ್ಕೆ ಎರಡು. ಕೆಲವು ಪ್ರಶ್ನೆಗಳಿಗೆ ಅರ್ಥವೇ ಇಲ್ಲ, ಅವಕ್ಕೆ ಸೊನ್ನೆ, ಅದು ನಿನಗೆ.

ಹದಿನೇಳನೆಯದನ್ನು ತುಂಬುವಾಗ ರಾತು ಅವರು ಹಿಂದೆ ಬಂದು ನಿಂತಿದ್ದರು. 'ತಪ್ಪು ಕಂಡರೆ ಮೇಲಿನವರಿಗೆ ನೇರವಾಗಿ ಹೇಳಬಲ್ಲೆ.' ಅವರು ನೋಡುತ್ತಿದ್ದಂತೆಯೇ ಮೂರು ಹಾಕಿದೆ.

"ಮೂರೇನಾ?" ಎಂದರು.

"ಮೂರೇ, ರಾತು. ಒಣಗುಮನೆ ಚಾವಣಿ ಸೋರ್ತಿದೆ ಅಂತ ಹೇಳೋಕೆ ನಂಗೆ ಹದಿನೈದು ದಿನ ಹಿಡೀತು."

ರಾತು ಅವರು ಏಣಿ ತರಲು ಹೋದರು.

ಹಳೆಯ ಐದನ್ನು ಹೊಡೆದುಹಾಕಿ ಇದನ್ನು ಬರೆದುಕೋ. ಇದು ನಿಜವಾದ ಮೂರು.

ಸೈರುಸಿ